ಐದು ವರ್ಷದ ಲೆಕ್ಕ

ಚುನಾವಣೆಯ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಮೊದಲು ಎದೆ ನಡುಗುವುದು ಅಭ್ಯರ್ಥಿಗಳಿಗೆ ಎಂದು ನೀವು ತಿಳಿದಿರಬಹುದು. ಅವರಿಗಿಂತ ಮೊದಲು ನಡುಗುವವರು ಶಾಲೆಯ ಮೇಷ್ಟ್ರುಗಳು. ಬಯಲುಸೀಮೆಯ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಣಿತ ಹೇಳಿಕೊಟ್ಟವನು ನಾನು. 1984ರ ಡಿಸೆಂಬರಿನಲ್ಲಿ ಮೊದಲ ಸಲ ಮತಗಟ್ಟೆಗೆ ಹೋದವನು, ನಿವೃತ್ತನಾಗುವವರೆಗೆ ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ಎಷ್ಟು ಸಲ ಹೋದೆನೋ, ಗಣಿತದ ಮೇಷ್ಟ್ರಾದರೂ ಲೆಕ್ಕ ಇಟ್ಟಿಲ್ಲ. 1996ರಲ್ಲಿ ಒಂದು ಲೋಕಸಭೆ, 1998ರಲ್ಲಿ ಇನ್ನೊಂದು, 1999ರಲ್ಲಿ ಮತ್ತೊಂದು. ಆ ಕಾಲದಲ್ಲಿ ನನ್ನಾಕೆ ನನ್ನ ಹಾಸಿಗೆ ಸುರುಳಿಯನ್ನು ಅಟ್ಟಕ್ಕೆ ಎತ್ತಿಡುವುದನ್ನೇ ಬಿಟ್ಟಿದ್ದಳು.

ತಾಲ್ಲೂಕು ಕೇಂದ್ರದಲ್ಲಿ ಬೆಳಿಗ್ಗೆಯಿಂದ ಕಾದು ಮತಪೆಟ್ಟಿಗೆ, ಮತಪತ್ರ, ಅರಗು, ದಾರ, ಮೈಸೂರಿನ ಶಾಯಿಯ ಸೀಸೆ ಎಲ್ಲವನ್ನೂ ಎಣಿಸಿ ತೆಗೆದುಕೊಂಡು, ಲಾರಿ ಹತ್ತಿ, ದೀಪವಿಲ್ಲದ ಶಾಲೆಯಲ್ಲಿ ಸೊಳ್ಳೆಗಳ ನಡುವೆ ಮಲಗಿ, ಮರುದಿನ ನಡುರಾತ್ರಿಗೆ ಎಲ್ಲವನ್ನೂ ಹಿಂದಿರುಗಿಸಿ ರಸೀದಿ ಪಡೆಯುವಷ್ಟರಲ್ಲಿ ಪ್ರಜಾಪ್ರಭುತ್ವದ ಮೇಲಿನ ಭಕ್ತಿ ಸ್ವಲ್ಪ ಸಡಿಲವಾಗಿರುತ್ತದೆ. ಅತ್ತ ತರಗತಿಯಲ್ಲಿ ರೇಖಾಗಣಿತ ಅರ್ಧಕ್ಕೇ ನಿಂತಿರುತ್ತದೆ. ಆದ್ದರಿಂದ ಲೋಕಸಭೆಗೂ ವಿಧಾನಸಭೆಗಳಿಗೂ ಐದು ವರ್ಷಕ್ಕೊಮ್ಮೆ ಒಟ್ಟಿಗೇ ಚುನಾವಣೆ ಮಾಡಿ ಮುಗಿಸೋಣ ಎಂಬ ಮಾತು ಬಂದಾಗ ಮೊದಲು ಚಪ್ಪಾಳೆ ತಟ್ಟಬೇಕಾದವನು ನಾನೇ. ನನ್ನ ಜೊತೆಯ ನಿವೃತ್ತ ಮೇಷ್ಟ್ರುಗಳೆಲ್ಲ ತಟ್ಟಿದರು. ನನಗೆ ಮಾತ್ರ ಕೈ ಏಳಲಿಲ್ಲ.

ಈ ಮಾತು ಹೊಸದೇನಲ್ಲ. 1951-52ರಿಂದ 1967ರವರೆಗಿನ ನಾಲ್ಕು ಮಹಾಚುನಾವಣೆಗಳು ಬಹುಮಟ್ಟಿಗೆ ಒಟ್ಟಿಗೇ ನಡೆದವು. ಆಮೇಲೆ ಕೆಲವು ರಾಜ್ಯಗಳಲ್ಲಿ ಸರ್ಕಾರಗಳು ಉರುಳಿದವು. ಇಂದಿರಾ ಗಾಂಧಿಯವರು ಅವಧಿ ಮುಗಿಯುವ ಮೊದಲೇ, 1970ರ ಕೊನೆಯಲ್ಲಿ, ಲೋಕಸಭೆಯನ್ನು ವಿಸರ್ಜಿಸಿ 1971ರಲ್ಲಿ ಚುನಾವಣೆ ಮಾಡಿಸಿದ ಮೇಲೆ ಎರಡರ ಗಂಟು ಪೂರ್ತಿ ಬಿಚ್ಚಿಹೋಯಿತು. ಅದನ್ನು ಮತ್ತೆ ಹಾಕುವ ಬಗೆ ಹೇಳಲು ರಾಮನಾಥ ಕೋವಿಂದರ ಸಮಿತಿ 2024ರ ಮಾರ್ಚಿನಲ್ಲಿ 18,626 ಪುಟಗಳ ವರದಿ ಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಸೂದೆ ಲೋಕಸಭೆಗೆ ಬಂದು, ಜಂಟಿ ಸಮಿತಿಗೆ ಹೋಯಿತು. ಖರ್ಚು ಉಳಿಯುತ್ತದೆ, ನೀತಿಸಂಹಿತೆಯಿಂದ ಕೆಲಸಗಳು ಪದೇಪದೇ ನಿಲ್ಲುವುದಿಲ್ಲ, ನೌಕರರಿಗೆ ಬಿಡುವು ಸಿಗುತ್ತದೆ ಎಂಬುದೆಲ್ಲ ಸುಳ್ಳಲ್ಲ. ಆ ನೌಕರರಲ್ಲಿ ಒಬ್ಬನಾಗಿದ್ದ ನಾನೇ ಸಾಕ್ಷಿ ಹೇಳಬಲ್ಲೆ.

ಆದರೆ ನಾನು ಇನ್ನೊಂದನ್ನೂ ಕಣ್ಣಾರೆ ಕಂಡವನು. ಇಂದಿರಾ ಗಾಂಧಿಯವರ ಹತ್ಯೆಯ ಬೆನ್ನಲ್ಲೇ ಬಂದ ಆ 1984ರ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಜನ ನಮ್ಮನ್ನು ಒಪ್ಪಲಿಲ್ಲವೆಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ವಿಧಾನಸಭೆಯನ್ನು ವಿಸರ್ಜಿಸಿ ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಮತ್ತೆ ನಮ್ಮ ಲಾರಿ ಹೊರಟಿತು. ಮತದಾನದ ಹಿಂದಿನ ರಾತ್ರಿ ನಮಗೆ ಮುದ್ದೆ, ಸೊಪ್ಪಿನ ಸಾರು ತಂದುಕೊಟ್ಟ ಊರಿನ ಯಜಮಾನರೊಬ್ಬರು ಲಾಟೀನಿನ ಬೆಳಕಿನಲ್ಲಿ ಎಡಗೈ ಚಾಚಿ ತೋರಿಸಿದರು. ಡಿಸೆಂಬರಿನ ಶಾಯಿ ಉಗುರಿನ ತುದಿಗೆ ಸರಿದಿತ್ತು, ಇನ್ನೂ ಹೋಗಿರಲಿಲ್ಲ.

"ಇದು ಅಳಿಯಾ ಮುಂಚೇನೇ ಇನ್ನೊಂದು ಬಂತಲ್ಲ ಮೇಷ್ಟ್ರೇ" ಎಂದು ನಕ್ಕರು. ನಾವು ಕೇಳದಿದ್ದರೂ ಅವರೇ ಮುಂದುವರಿಸಿದರು: "ಆವಾಗ ತಾಯಿ ಕಳ್ಕೊಂಡ ಹುಡುಗ ಅಂತ ಡೆಲ್ಲಿಗೆ ಹಾಕುದ್ವಿ. ನಾಳೆದು ನಮ್ಮನೆ ವಿಚಾರ. ಅದು ಬ್ಯಾರೆ, ಇದು ಬ್ಯಾರೆ."

ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಬಂತು. ಮೂರು ತಿಂಗಳೊಳಗೆ ಅದೇ ಜನ, ಅದೇ ಬೆರಳು. ಆ ಎರಡು ಚುನಾವಣೆ ಒಂದೇ ದಿನ ನಡೆದಿದ್ದರೆ ಯಜಮಾನರಿಗೆ ಅದು ಬೇರೆ ಇದು ಬೇರೆ ಎನ್ನಲು ಅಷ್ಟು ಸುಲಭವಾಗುತ್ತಿತ್ತೇ? 1989ರಲ್ಲಿ ಎರಡೂ ಒಟ್ಟಿಗೇ ನಡೆದಾಗ ಕಾಂಗ್ರೆಸ್ಸಿಗೆ ಲೋಕಸಭೆಯ 27 ಸ್ಥಾನಗಳೂ ವಿಧಾನಸಭೆಯ 178 ಸ್ಥಾನಗಳೂ ಒಂದೇ ಏಟಿಗೆ ಬಂದವು. ಬೇರೆ ಬೇರೆ ಬಂದಾಗ ಮಾತ್ರ ಜನ ಇವತ್ತಿಗೂ ಹಳೆಯ ಚಾಳಿ ಬಿಟ್ಟಿಲ್ಲ. 2023ರಲ್ಲಿ ವಿಧಾನಸಭೆಯ 135 ಸ್ಥಾನ ಕೊಟ್ಟ ಪಕ್ಷಕ್ಕೇ 2024ರಲ್ಲಿ ಲೋಕಸಭೆಗೆ ಕೇವಲ 9 ಕೊಟ್ಟರು.

ಈ ಐದು ವರ್ಷ ಎಂಬುದಾದರೂ ಎಲ್ಲಿಂದ ಬಂತು ನೋಡಿ. 1948ರ ಕರಡು ಸಂವಿಧಾನದಲ್ಲಿ ಅದಕ್ಕೊಂದು ಅಡಿಟಿಪ್ಪಣಿ ಇದೆ. ಮೊದಲು ಯೋಚಿಸಿದ್ದು ನಾಲ್ಕು ವರ್ಷ. ಮಂತ್ರಿಯಾದವನಿಗೆ ಮೊದಲ ವರ್ಷ ಆಡಳಿತ ಕಲಿಯುವುದರಲ್ಲಿ ಹೋಗುತ್ತದೆ, ಕೊನೆಯ ವರ್ಷ ಮುಂದಿನ ಚುನಾವಣೆಯ ಸಿದ್ಧತೆಯಲ್ಲಿ ಹೋಗುತ್ತದೆ, ನಡುವೆ ಉಳಿಯುವ ಕಾಲ ಸಾಲದು ಎಂದು ಕರಡು ಸಮಿತಿಯವರು ಒಂದು ವರ್ಷ ಸೇರಿಸಿದರು. ಇಷ್ಟು ಪ್ರಾಮಾಣಿಕವಾದ ಸರ್ಕಾರಿ ವಾಕ್ಯವನ್ನು ನಾನು ಬೇರೆಲ್ಲೂ ಓದಿಲ್ಲ.

ಈಗಿನ ಮಸೂದೆಯನ್ನು ಈ ಅಳತೆಗೋಲಿನಿಂದಲೇ ಅಳೆದು ನೋಡೋಣ. ನಡುವೆ ಸದನ ಬಿದ್ದರೆ ಹೊಸದಾಗಿ ಆರಿಸಿ ಬಂದವರು ಉಳಿದ ಅವಧಿಗೆ ಮಾತ್ರ ಕೂರಬೇಕು ಎನ್ನುತ್ತದೆ ಅದು. ಸರ್ಕಾರ ಮೂರೂವರೆ ವರ್ಷಕ್ಕೆ ಬಿತ್ತು ಎಂದುಕೊಳ್ಳಿ. ಮತ್ತೆ ಲಾರಿ, ಮತ್ತೆ ಅರಗು, ಮತ್ತೆ ಶಾಯಿ, ಎಲ್ಲವೂ ಒಂದೂವರೆ ವರ್ಷಕ್ಕಾಗಿ. ಕಲಿಯುವ ವರ್ಷ ಮುಗಿಯುವ ಮೊದಲೇ ಓಡಾಡುವ ವರ್ಷ ಶುರುವಾಗುತ್ತದೆ. ಅದಾದ ಮೇಲೆ ಗಡುವಿಗೆ ಸರಿಯಾಗಿ ಇನ್ನೊಂದು ಚುನಾವಣೆ. ಚುನಾವಣೆ ಕಡಿಮೆ ಮಾಡಲು ಹೊರಟ ಲೆಕ್ಕದಲ್ಲಿ ಉತ್ತರ ಹೆಚ್ಚಿಗೆ ಬಂದರೆ ನಾನು ಹುಡುಗರಿಗೆ ಹಲಗೆ ಅಳಿಸಿ ಮತ್ತೆ ಮಾಡಿ ಎನ್ನುತ್ತಿದ್ದೆ.

ಅವಧಿಯನ್ನೇ ಉದ್ದ ಮಾಡಿದರೆ ಹೇಗೆ ಎನ್ನುವವರಿಗೆ 1976 ಮರೆತಿದೆ. ತುರ್ತುಪರಿಸ್ಥಿತಿಯಲ್ಲಿ ಲೋಕಸಭೆ ತನ್ನ ಆಯುಸ್ಸನ್ನು ತಾನೇ ಒಂದು ವರ್ಷ ಹೆಚ್ಚಿಸಿಕೊಂಡಿತು, ಸಾಲದೆಂದು ಇನ್ನೊಮ್ಮೆ ಹೆಚ್ಚಿಸಿಕೊಂಡಿತು. 42ನೆಯ ತಿದ್ದುಪಡಿ ಆರು ವರ್ಷವನ್ನೇ ಕಾಯಂ ಮಾಡಿತು. ಐದು ವರ್ಷಕ್ಕೆಂದು ಜನ ಕಳಿಸಿದ್ದು ಎಂದು ಮಧು ಲಿಮಯೆ, ಶರದ್ ಯಾದವ್ ಇಬ್ಬರು ರಾಜೀನಾಮೆ ಕೊಟ್ಟು ಎದ್ದು ಬಂದರು. ಅಷ್ಟು ದೊಡ್ಡ ಸಭೆಯಲ್ಲಿ ಇಬ್ಬರು! 1978ರಲ್ಲಿ 44ನೆಯ ತಿದ್ದುಪಡಿಯಿಂದ ಅದು ಮತ್ತೆ ಐದಕ್ಕೆ ಇಳಿಯಿತು.

ಪದೇಪದೇ ಚುನಾವಣೆ ಎಂದು ಗೊಣಗುವವರು ಬಾರದ ಚುನಾವಣೆಯ ಬಗ್ಗೆ ಯಾಕೆ ಮಾತಾಡುವುದಿಲ್ಲವೋ ನನಗೆ ತಿಳಿಯದು. ಪಂಚಾಯಿತಿಗಳ ಅವಧಿ ಐದೇ ವರ್ಷ, ಅದು ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕು ಎಂದು 1993ರಿಂದ ಸಂವಿಧಾನದಲ್ಲೇ ಬರೆದಿದೆ. ಆದರೂ 2016ರಲ್ಲಿ ಆರಿಸಿ ಬಂದ ಕರ್ನಾಟಕದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ, 2024 ಕಳೆದರೂ ಚುನಾವಣೆ ಆಗಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು, ಅಲ್ಲೂ ಅದೇ ಕತೆ.

ನಮ್ಮೂರಿನ ಕೆರೆ ಏರಿಯ ಮೇಲಿನ ಮೋರಿ ಕುಸಿದು ಎರಡು ಮಳೆಗಾಲವಾಗಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಅವನಿಗೂ ತಲೆ ನರೆತಿದೆ, ಅರ್ಜಿ ಬರೆಸಿಕೊಳ್ಳಲು ಮನೆಗೆ ಬಂದ. ಯಾರ ಹೆಸರಿಗೆ ಬರೆಯೋಣ ಎಂದು ಕೇಳಿದೆ. ಸದಸ್ಯರಿಲ್ಲ, ಅಧ್ಯಕ್ಷರಿಲ್ಲ, ಇದ್ದ ಅಧಿಕಾರಿಗೆ ಹಿಂದಿನ ವಾರವಷ್ಟೇ ವರ್ಗವಾಗಿತ್ತು.

"ಮುಂಚೆ ಆ ಮೆಂಬರ್ರು ಕೆಲಸ ಮಾಡ್ತಿದ್ದ ಅಂತಲ್ಲ ಸಾರ್" ಎಂದ ಅವನು. "ಸಂತೇಲಿ ಸಿಕ್ಕಿದ್ರೆ ನಿಲ್ಲಿಸ್ಕೊಂಡು ಬಯ್ಯಬೋದಿತ್ತು."

ಹೆಸರಿನ ಜಾಗವನ್ನು ಖಾಲಿ ಬಿಟ್ಟು ಅರ್ಜಿ ಬರೆದುಕೊಟ್ಟೆ.