ನೇತ್ರಾಣಿಯ ಕಡಲಲ್ಲಿ ರಕ್ಷಣೆಯ ಪಾಠ

ಗುರುಗುಂಟಾದಿಂದ ಹೊರಟು ಲಿಂಗಸುಗೂರು, ಕುಷ್ಟಗಿ, ಹುಬ್ಬಳ್ಳಿಗಳನ್ನು ದಾಟಿ ಘಟ್ಟವಿಳಿಯುವ ದೀರ್ಘ ಪ್ರಯಾಣದಲ್ಲಿ ನೋಡತಕ್ಕದ್ದು ಬಹಳವಿದ್ದರೂ, ಕೃಷ್ಣೆಯ ಆಸುಪಾಸಿನಲ್ಲಿ ಈಜು ಕಲಿತ ಪ್ರವಾಸಿಗೆ ಆ ಪ್ರಯಾಣ ಸಾರ್ಥಕವೆನಿಸುವುದು ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ ನಡೆಯುವ ಸ್ಕೂಬಾ ಮುಳುಗಾಟದಲ್ಲಿ, ಅಂದರೆ ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ ನೀರಿನೊಳಗೆ ಇಳಿಯುವ ವಿದ್ಯೆಯಲ್ಲಿ. ರಜಾದಿನಗಳಲ್ಲಿ ದೋಣಿ ತುಂಬುವವರಲ್ಲಿ ಹೆಚ್ಚಿನವರು ತರಬೇತುದಾರರ ಆಸರೆಯಲ್ಲಿ ಸ್ವಲ್ಪ ಹೊತ್ತು ಮುಳುಗಿ, ವಿಡಿಯೊ ತೆಗೆಸಿಕೊಂಡು ಮರಳುತ್ತಾರೆ. ಇಷ್ಟು ದುಡ್ಡು ತೆತ್ತು ಇಷ್ಟು ದೂರ ಬಂದವರು ನೀರಿನೊಳಗೆ ಜೀವ ಉಳಿಯುವ ಬಗೆಯನ್ನು ವಿಚಾರಿಸದೆ ಹೋಗುವುದು ಖೇದಕರ.

ನದಿಯ ಈಜು ಕಲಿಸುವ ಮೊದಲ ಪಾಠವೇ ದಮ್ಮು ಕಟ್ಟುವುದು; ಸ್ಕೂಬಾದಲ್ಲಿ ಅದೇ ಪ್ರಾಣಾಂತಿಕ. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಗಿಂತ ಇಮ್ಮಡಿಯಾಗಿರುವುದರಿಂದ, ಅಲ್ಲಿ ಎಳೆದುಕೊಂಡ ಗಾಳಿ ಮೇಲೇರುವಾಗ ಇಮ್ಮಡಿ ಹಿಗ್ಗುತ್ತದೆ. ಹೆದರಿ ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸಿದವರ ಶ್ವಾಸಕೋಶ ಹರಿಯಬಹುದು. ಆಳದಲ್ಲಿ ರಕ್ತಕ್ಕೂ ಅಂಗಾಂಶಗಳಿಗೂ ಸೇರಿದ ಸಾರಜನಕವು ಅವಸರದ ಏರಿಕೆಯಲ್ಲಿ ಗುಳ್ಳೆಗಳಾಗಿ ಬೇರ್ಪಡುವುದು ಇನ್ನೊಂದು ಅಪಾಯ. ಇದನ್ನು ತಪ್ಪಿಸಲು ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದ ಜೆ.ಎಸ್. ಹಾಲ್ಡೇನ್, ಗಣಿಗಳ ವಿಷಾನಿಲವನ್ನು ಪುಟ್ಟ ಹಕ್ಕಿಗಳಿಂದ ಪತ್ತೆಹಚ್ಚುವ ಕ್ರಮವನ್ನೂ ಸೂಚಿಸಿದವರು. ಹಟ್ಟಿಯ ಚಿನ್ನದ ಗಣಿಯಿರುವ ಲಿಂಗಸುಗೂರು ತಾಲ್ಲೂಕಿನ ಪ್ರವಾಸಿಗೆ ಕಡಲು ಅಷ್ಟೇನೂ ಅಪರಿಚಿತವೆನಿಸದಿರಲು ಈ ಒಬ್ಬ ವಿಜ್ಞಾನಿ ಸಾಕು.

ಇಂಥ ಅಪಾಯಗಳಿಂದ ಸಂಗಾತಿಯನ್ನು ಪಾರುಮಾಡಲು ಕಲಿಸುವ ರಕ್ಷಣಾ ತರಬೇತಿಯಲ್ಲಿ ಸಾಹಸಕ್ಕಿಂತ ಗಮನಕ್ಕೆ ಹೆಚ್ಚು ಬೆಲೆ. ಸಂಗಾತಿಯ ಕಣ್ಣು ಅಗಲವಾಗುವುದು, ಉಸಿರಿನ ಗುಳ್ಳೆಗಳು ಒತ್ತೊತ್ತಾಗಿ ಏಳುವುದು, ಸನ್ನೆಗೆ ಉತ್ತರ ಬಾರದಿರುವುದು ಇವು ಗಾಬರಿಯ ಮೊದಲ ಗುರುತುಗಳಾಗಿದ್ದು, ಆಗಲೇ ಅವರನ್ನು ತಡೆದು ನಿಧಾನವಾಗಿ ಉಸಿರಾಡಿಸಿದರೆ ಅಪಘಾತವೇ ಸಂಭವಿಸದೆ ಹೋಗಬಹುದು. ನಿಲ್ಲು, ಉಸಿರಾಡು, ಯೋಚಿಸು, ಆಮೇಲೆ ಕೈಹಾಕು ಎಂಬ ಕ್ರಮ ರಕ್ಷಿಸುವವರಿಗೂ ಅನ್ವಯಿಸುತ್ತದೆ. ಗಾಳಿ ಮುಗಿದವರಿಗೆ ಪ್ರತಿಯೊಬ್ಬರೂ ಒಯ್ಯುವ ಹೆಚ್ಚುವರಿ ಉಸಿರಾಟದ ಕೊಳವೆಯನ್ನು ಕೊಟ್ಟು, ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮೇಲೇರಬೇಕು. ಮೇಲ್ಮೈಯಲ್ಲಿ ಒದ್ದಾಡುವವರ ಎದುರಿಗೆ ಹೋದರೆ ಅವರು ರಕ್ಷಕರ ಹೆಗಲೇರಿ ಇಬ್ಬರನ್ನೂ ಮುಳುಗಿಸುವ ಸಂಭವವಿರುವುದರಿಂದ, ಹಿಂದಿನಿಂದ ಸಮೀಪಿಸಿ ಅವರ ಜಾಕೆಟ್ಟಿಗೆ ಗಾಳಿ ತುಂಬಿ, ಸೊಂಟದ ತೂಕವನ್ನು ಕಳಚಿಹಾಕಬೇಕು. ಪ್ರಜ್ಞೆ ತಪ್ಪಿದವರಿಗೆ ನೀರಿನಲ್ಲೇ ಬಾಯಿಂದ ಉಸಿರು ಕೊಡುತ್ತ ದೋಣಿಯವರೆಗೆ ಎಳೆದೊಯ್ಯುವ ಅಭ್ಯಾಸವೂ, ಅಲ್ಲಿ ಆಮ್ಲಜನಕ ಕೊಡುವ ಅಭ್ಯಾಸವೂ ಈ ತರಬೇತಿಯಲ್ಲಿ ಸೇರಿವೆ. ಪ್ರಥಮ ಚಿಕಿತ್ಸೆಯ ತರಬೇತಿ ಇಲ್ಲದವರಿಗೆ ರಕ್ಷಣಾ ಹಂತದ ಪ್ರಮಾಣಪತ್ರ ದೊರೆಯುವುದಿಲ್ಲ, ಮತ್ತು ಆ ನಿಬಂಧನೆ ಅತ್ಯಂತ ಸರಿಯಾದುದು.

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗಿ, ಜಲದುರ್ಗದ ಕಡೆಯ ಹಳ್ಳಿಗಳಿಗೆ ನೇರ ದಾರಿ ಇಲ್ಲವಾಗುವುದನ್ನು ಬಲ್ಲವರಿಗೆ ಈ ರಕ್ಷಣೆಯ ವಿದ್ಯೆ ಕಡಲಿಗಷ್ಟೇ ಮೀಸಲೆನಿಸದು. ರಭಸದ ಹೊಳೆಯಲ್ಲಿ ಸ್ಕೂಬಾ ಉಪಕರಣ ಉಪಯೋಗಕ್ಕೆ ಬಾರದಿದ್ದರೂ, ಗಾಬರಿಗೊಂಡವರನ್ನು ಸಮೀಪಿಸುವ ಕ್ರಮ, ಹಗ್ಗವನ್ನೋ ಟ್ಯೂಬನ್ನೋ ಮೊದಲು ಎಸೆಯುವ ವಿವೇಕ, ಉಸಿರು ನಿಂತವರಿಗೆ ಮಾಡುವ ಪ್ರಥಮ ಚಿಕಿತ್ಸೆ ಎರಡೂ ಕಡೆ ಒಂದೇ. ಪ್ರತಿ ಮಳೆಗಾಲಕ್ಕೆ ಮುನ್ನ ನದಿದಡದ ಮೀನುಗಾರರಿಗೂ ಯುವಕರಿಗೂ ಇಷ್ಟನ್ನಾದರೂ ಕಲಿಸುವ ಹೊಣೆಯನ್ನು ತಾಲ್ಲೂಕು ಆಡಳಿತ ವಹಿಸಿಕೊಳ್ಳಬೇಕು.