ಕರ್ರೆಂದದ್ದು ಗೇರೇನಾ?

ಗೇರ್ ಬದಲಿಸುವಾಗ ಕಾರಿನ ಅಡಿಯಿಂದ ಕರ್ರೆಂದು ಸದ್ದು ಬಂದರೆ ‘ಗೇರ್ ಹೋಯ್ತು’ ಎಂದುಬಿಡುವುದು ನಮ್ಮಲ್ಲಿ ರೂಢಿ. ಮೊದಲು ಹಾಗನ್ನುತ್ತಿದ್ದವರು ಕಾರಿನ ಮಾಲೀಕರು, ಈಗ ಗ್ಯಾರೇಜಿನವರೂ ಹಾಗೇ ಅನ್ನುತ್ತಾರೆ. ಹಿಂದೆ ಇದೇ ದೂರು ಹೊತ್ತು ಗ್ಯಾರೇಜಿಗೆ ಹೋದರೆ ಮೇಸ್ತ್ರಿ ಬಾನೆಟ್ ಎತ್ತುವ ಮೊದಲು ಬಾಯಿ ಬಿಡುತ್ತಿದ್ದ. ಯಾವ ಗೇರಿಗೆ ಬರುತ್ತೆ? ಏರಿಸುವಾಗಲೋ, ಇಳಿಸುವಾಗಲೋ? ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರವೋ, ಬಿಸಿಯಾದ ಮೇಲೂ ಇದೆಯೋ? ರಿವರ್ಸಿಗೆ ಹೇಗೆ? ಉತ್ತರ ಕೇಳಿಕೊಂಡ ಮೇಲೆ ಸ್ಪ್ಯಾನರ್. ಈ ಕಸುಬಿನಲ್ಲಿ ಆದ ದೊಡ್ಡ ಬದಲಾವಣೆ ಯಾವುದೆಂದರೆ, ನನ್ನ ಮಟ್ಟಿಗೆ, ಈ ಪ್ರಶ್ನೆಗಳು ಕಾಣೆಯಾದದ್ದು. ಗೇರ್‌ಬಾಕ್ಸುಗಳು ಸುಧಾರಿಸಿದ್ದು ಆಮೇಲಿನ ಮಾತು.

ವಾದಕ್ಕೆ ಒಂದು ಕಾರನ್ನೇ ಹಿಡಿದುಕೊಳ್ಳುತ್ತೇನೆ: 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾಗಿ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದ ಎಂಜಿಬಿ. ಸ್ಪೋರ್ಟ್ಸ್ ಕಾರಾದರೂ ಅದರ ಒಡಲು ನಮಗೆ ಅಪರಿಚಿತವಲ್ಲ. ಅದರ 1798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್; ನಮ್ಮ ಅಂಬಾಸಡರ್ ದಶಕಗಟ್ಟಲೆ ಹೊತ್ತು ತಿರುಗಿದ 1489 ಸಿಸಿ ಎಂಜಿನ್ನೂ ಅದೇ ಮನೆತನದ್ದು. ಎಂಜಿಬಿಯ ಮೊದಲ ಐದು ವರ್ಷದ ಕಾರುಗಳಿಗೂ ಹಳೆಯ ಅಂಬಾಸಡರ್‌ಗೂ ಇನ್ನೊಂದು ಸಾಮ್ಯವಿತ್ತು. ಎರಡರಲ್ಲೂ ನಾಲ್ಕು ಗೇರು, ಮೊದಲನೆಯದಕ್ಕೆ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊ ಇಲ್ಲ. ಗಾಡಿ ಪೂರಾ ನಿಲ್ಲದೆ ಫಸ್ಟ್ ಗೇರಿಗೆ ಹಾಕಿದರೆ ಅಂಬಾಸಡರ್ ಟ್ಯಾಕ್ಸಿಯಲ್ಲಿ ಬರುತ್ತಿದ್ದ ಸದ್ದೇ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರಿನಲ್ಲೂ ಬರುತ್ತಿತ್ತು.

ಆಗ ಆ ಸದ್ದಿನ ಹೊಣೆ ಚಾಲಕನದು. ಗೇರ್ ಕರ್ರೆಂದರೆ ಪಕ್ಕದಲ್ಲಿ ಕೂತವರು ಕಾರನ್ನು ಬೈಯುತ್ತಿರಲಿಲ್ಲ, ಓಡಿಸುವವನ ಕಡೆ ನೋಡುತ್ತಿದ್ದರು. ಲಾರಿ, ಬಸ್ಸುಗಳ ಚಾಲಕರಿಗಂತೂ ಡಬಲ್ ಕ್ಲಚ್ ಒತ್ತುವುದು ಕಸುಬಿನ ಮೊದಲ ಪಾಠ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಂದಿಷ್ಟು ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕುವುದು. ಎಷ್ಟು ಕೊಡಬೇಕು ಎಂಬುದಕ್ಕೆ ಲೆಕ್ಕವಿದೆ. ಮೊದಲ ಎಂಜಿಬಿಗಳಲ್ಲಿ ಮೂರನೇ ಗೇರಿನ ಅನುಪಾತ 1.37, ಎರಡನೆಯದು 2.21. ಮೂರನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ, ಅದೇ ವೇಗದಲ್ಲಿ ಎರಡನೆಯದಕ್ಕೆ ಇಳಿಯಲು ಸುಮಾರು 3,200 ಸುತ್ತು ಬೇಕು. ಚಾಲಕ ಈ ಭಾಗಾಕಾರ ಮಾಡುತ್ತಿರಲಿಲ್ಲ. ಎಂಜಿನ್ನಿನ ದನಿ ಕೇಳಿ ಕಾಲು ತಾನೇ ಅಂದಾಜು ಹಾಕುತ್ತಿತ್ತು.

ಆ ಅಂದಾಜನ್ನು ಚಾಲಕನ ಕಾಲಿನಿಂದ ಕಸಿದು ಒಂದು ಹಿತ್ತಾಳೆಯ ಬಳೆಗೆ ಒಪ್ಪಿಸಿದ್ದೇ ಸಿಂಕ್ರೊಮೆಶ್. ಅಮೆರಿಕದ ಕ್ಯಾಡಿಲಾಕ್ 1928ರಲ್ಲೇ ಅದನ್ನು ಕಾರಿಗೆ ತಂದಿತು. ಪೋರ್ಷೆ 356ಕ್ಕೆ 1952ರಲ್ಲಿ ಎಲ್ಲ ಗೇರಿಗೂ ಬಂತು. ಎಂಜಿಬಿ ಮಾತ್ರ ಮೊದಲ ಗೇರಿಗೆ ಸಿಂಕ್ರೊ ಕೊಡಲು 1967ರವರೆಗೆ ಕಾಯಿತು, ಅದು ಕಂಪನಿಯ ಜಿಪುಣತನ ಎಂದೇ ನನ್ನ ಅನಿಸಿಕೆ. ಈ ಬಳೆ ಕೆಲಸ ಮಾಡುವ ಬಗೆ ಗೊತ್ತಾದರೆ ಕರ್ರೆನ್ನುವುದು ಏನು ಎಂಬುದೂ ತಿಳಿಯುತ್ತದೆ. ಸಿಂಕ್ರೊ ಇರುವ ಗೇರುಗಳ ದೊಡ್ಡ ಹಲ್ಲುಗಳು ಒಂದನ್ನೊಂದು ಬಿಟ್ಟಿರುವುದೇ ಇಲ್ಲ. ಸದಾ ಕಚ್ಚಿಕೊಂಡೇ ತಿರುಗುತ್ತವೆ. ನಾವು ಲಿವರ್ ತಳ್ಳಿದಾಗ ಸರಿಯುವುದು ಒಂದು ಸ್ಲೀವ್. ಅದು ಗೇರಿನ ಬದಿಯ ಸಣ್ಣ ಹಲ್ಲುಗಳ ಮೇಲೆ ಹೋಗಿ ಕೂರಬೇಕು. ನಡುವೆ ನಿಂತ ಸಿಂಕ್ರೊ ರಿಂಗ್ ಗೇರಿನ ಕೋನಿಗೆ ಉಜ್ಜಿ ಎರಡರ ವೇಗ ಸಮ ಮಾಡುತ್ತದೆ, ಸಮವಾಗುವ ತನಕ ಸ್ಲೀವನ್ನು ಮುಂದೆ ಬಿಡುವುದಿಲ್ಲ. ರಿಂಗಿನ ಒಳಮೈಯಲ್ಲಿ ಕೂದಲೆಳೆಯಂಥ ಗೆರೆಗಳಿರುತ್ತವೆ. ಆಯಿಲ್ ಪೊರೆಯನ್ನು ಹರಿದು ಲೋಹಕ್ಕೆ ಲೋಹ ತಾಗಿಸುವುದು ಅವುಗಳ ಕೆಲಸ. ಗೆರೆ ಸವೆದು ನುಣುಪಾದರೆ ರಿಂಗ್ ಜಾರುತ್ತದೆ, ವೇಗ ಸಮವಾಗುವ ಮೊದಲೇ ಸ್ಲೀವ್ ನುಗ್ಗುತ್ತದೆ, ಸಣ್ಣ ಹಲ್ಲುಗಳ ಮೂತಿಗೆ ಮೂತಿ ಬಡಿಯುತ್ತದೆ. ಕೇಳಿಸುವ ಕರ್ರ್ ಅದು. ನಿಜವಾಗಿ ಗೇರಿಗೆ ಗೇರೇ ಬಡಿಯುವುದು ಸಿಂಕ್ರೊ ಇಲ್ಲದ ಹಳೆಯ ಫಸ್ಟಿನಲ್ಲಿ, ಮತ್ತು ಅಂಥದ್ದೇ ರಿವರ್ಸಿನಲ್ಲಿ.

ಸಿಂಕ್ರೊ ಬಂದ ಮೇಲೆ ತಪ್ಪು ಚಾಲಕನ ಹೆಗಲಿನಿಂದ ಇಳಿದು ಕಾರಿನ ತಲೆಗೆ ಬಂತು. ಆದರೆ ರಿಂಗ್ ತನ್ನ ಕೆಲಸ ಮಾಡಬೇಕಾದರೆ ಕ್ಲಚ್ ಎಂಜಿನ್ನಿನ ಹಿಡಿತವನ್ನು ಪೂರ್ತಿ ಬಿಡಬೇಕು. ಕ್ಲಚ್ ಅರೆಬರೆ ಹಿಡಿದುಕೊಂಡೇ ಇದ್ದರೆ ಆ ಪುಟ್ಟ ಬಳೆ ಇಡೀ ಎಂಜಿನ್ನಿನ ಜೊತೆ ಜಗ್ಗಾಡಬೇಕಾಗುತ್ತದೆ. ಹಳೆಯ ಮೇಸ್ತ್ರಿಗಳು ರಿವರ್ಸ್ ಬಗ್ಗೆ ಕೇಳುತ್ತಿದ್ದುದು ಇದಕ್ಕೇ. ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ ಕ್ಲಚ್ ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡು ತಡೆದು ರಿವರ್ಸಿಗೆ ಹಾಕಿ ನೋಡಬೇಕು. ಆಗಲೂ ಕರ್ರೆಂದರೆ ಸಿಂಕ್ರೊ ರಿಂಗನ್ನು ದೂರಿ ಫಲವಿಲ್ಲ, ಈ ಹಳೆಯ ಬಾಕ್ಸುಗಳಲ್ಲಿ ರಿವರ್ಸಿಗೆ ಸಿಂಕ್ರೊ ಇಲ್ಲವೇ ಇಲ್ಲ. ಕ್ಲಚ್ ಒತ್ತಿದ ಮೇಲೂ ಗೇರ್‌ಬಾಕ್ಸಿನ ಮುಂದಿನ ಶಾಫ್ಟ್ ತಿರುಗುತ್ತಲೇ ಇದೆ ಎಂದರ್ಥ. ಎಂಜಿಬಿಯಲ್ಲಿ ಅದಕ್ಕೆ ಕಾರಣಗಳು ಬಾಕ್ಸಿನ ಆಚೆಗೇ ಸಾಲಾಗಿ ಸಿಗುತ್ತವೆ: ಸೋರುವ ಮಾಸ್ಟರ್ ಅಥವಾ ಸ್ಲೇವ್ ಸಿಲಿಂಡರ್, ಒತ್ತಡಕ್ಕೆ ಉಬ್ಬುವ ಹಳೆಯ ರಬ್ಬರ್ ಹೋಸ್, ಗಾಳಿ ಸೇರಿಕೊಂಡ ಫ್ಲೂಯಿಡ್, ಸವೆದ ಪೆಡಲ್ ಪಿನ್ನು. ಒಳಗೆ ಹೋದರೆ ಕ್ರ್ಯಾಂಕ್ ತುದಿಯಲ್ಲಿ ಒಣಗಿ ಹಿಡಿದುಕೊಂಡ ಪೈಲಟ್ ಬುಷ್. ಇನ್ನು ಆ ಕಾರಿನ ಕ್ಲಚ್ ರಿಲೀಸ್ ಬೇರಿಂಗ್ ಗುಂಡುಗಳಿರುವ ಬೇರಿಂಗೇ ಅಲ್ಲ, ಕಾರ್ಬನ್ನಿನ ಒಂದು ಉಂಗುರ. ಸಿಗ್ನಲ್‌ನಲ್ಲಿ ಕ್ಲಚ್ ಮೇಲೆ ಕಾಲಿಟ್ಟು ಕೂರುವವರ ಕೈಯಲ್ಲಿ ಅದು ಬೇಗ ಸವೆಯುತ್ತದೆ. ರಿವರ್ಸ್ ಸಲೀಸಾಗಿ ಬಿದ್ದು, ಓಡುವಾಗ ಒಂದೇ ಗೇರು, ಅದರಲ್ಲೂ ಸಾಮಾನ್ಯವಾಗಿ ಎರಡನೆಯದು, ಕರ್ರೆಂದರೆ ಮಾತ್ರ ರಿಂಗಿನ ಮೇಲೆ ಅನುಮಾನ ಪಡಬೇಕು.

ಆಯಿಲ್ ವಿಷಯದಲ್ಲೂ ಇದೇ ಕಥೆ. ಎಂಜಿಬಿಯ ಗೇರ್‌ಬಾಕ್ಸ್ ಕೇಳುವುದು ಎಂಜಿನ್ ಆಯಿಲ್. ಗೇರ್‌ಬಾಕ್ಸ್ ಎಂದಾಕ್ಷಣ ಡಿಫರೆನ್ಶಿಯಲ್‌ಗೆ ಹಾಕುವ 90 ನಂಬರಿನ ಗಟ್ಟಿ ಆಯಿಲ್ ಸುರಿದರೆ ರಿಂಗಿನ ಗೆರೆಗಳು ಆ ಪೊರೆಯನ್ನು ಹರಿಯಲಾರವು, ತಣ್ಣಗಿದ್ದಾಗಲಂತೂ ಗೇರ್ ಬೀಳುವುದೇ ಕಷ್ಟ. ಜಿಎಲ್-5 ದರ್ಜೆಯ ಕೆಲವು ಆಯಿಲ್‌ಗಳಲ್ಲಿರುವ ಗಂಧಕದ ಸಂಯುಕ್ತಗಳು ಹಿತ್ತಾಳೆಯನ್ನೇ ತಿನ್ನುತ್ತವೆ. ಹಳಬರಲ್ಲೂ ಬುದ್ಧಿವಂತಿಕೆ ಒಂದೇ ಬಗೆಯದಾಗಿರಲಿಲ್ಲ. ಕೊಯ್‌ಗುಡುವ ಬಾಕ್ಸಿಗೆ ಗಟ್ಟಿ ಆಯಿಲ್ ತುಂಬಿ ಸದ್ದು ಅಡಗಿಸಿ ಮಾರುವ ಚಾಲಾಕಿಯೂ ಅದೇ ಕಾಲದ್ದು.

ಈಗ ಆಕ್ಷೇಪಕ್ಕೆ ಬರೋಣ. ಪ್ರಶ್ನೆ ಕೇಳುತ್ತ ಕೂರಲು ಯಾರಿಗೆ ಪುರಸೊತ್ತಿದೆ, ಬಾಕ್ಸನ್ನೇ ಬದಲಿಸಿದರೆ ಮುಗಿಯಿತಲ್ಲ ಎನ್ನುತ್ತಾರೆ. ಕೂಲಿಯ ಲೆಕ್ಕದಲ್ಲಿ ಈ ಮಾತಿಗೆ ತೂಕವಿದೆ. ಎಂಜಿಬಿಯಲ್ಲಿ ಕ್ಲಚ್ ಪ್ಲೇಟು ಬದಲಿಸಲೂ ಎಂಜಿನ್ ಮೇಲೆತ್ತಿ ತೆಗೆಯಬೇಕು, ಗೇರ್‌ಬಾಕ್ಸಿಗಾದರೆ ಎರಡನ್ನೂ ಒಟ್ಟಿಗೆ. ಅಷ್ಟು ಬಿಚ್ಚಿದ ಮೇಲೆ ಮೂರೋ ನಾಲ್ಕೋ ರಿಂಗು ಬೇರೆ ಬೇರೆ ತರಿಸಿ ಅಳೆದು ಕೂರಿಸುವುದಕ್ಕಿಂತ ರಿಪೇರಿಯಾದ ಇಡೀ ಬಾಕ್ಸು ತಂದು ಹಾಕುವುದು ಅಗ್ಗ. ಬೆಂಗಳೂರಿನಲ್ಲೂ ಹೀಗೇ ಆಯಿತು. ಜೆ.ಸಿ. ರಸ್ತೆಯ ಅಂಗಡಿಯಿಂದ ಬಿಡಿ ಭಾಗ ತಂದು ಬಾಕ್ಸ್ ಕಟ್ಟುವ ಬದಲು ಶಿವಾಜಿನಗರದ ಗುಜರಿಯಿಂದ ಇಡೀ ಬಾಕ್ಸೇ ಆಟೋ ಹತ್ತಿ ಬರತೊಡಗಿತು. ಆದರೆ ಈ ಲೆಕ್ಕ ನಿಲ್ಲುವುದು ಬಾಕ್ಸೇ ಕೆಟ್ಟಿದ್ದಾಗ. ಹೋಸ್ ಉಬ್ಬಿದ್ದ ಕಾರಿಗೆ ಹೊಸ ಬಾಕ್ಸ್ ಹಾಕಿದರೆ ಅದೇ ಕ್ಲಚ್ಚು ಹೊಸ ರಿಂಗುಗಳನ್ನೂ ಸವೆಸಲು ಹೊರಡುತ್ತದೆ. ಪ್ರಶ್ನೆಗೆ ಹಿಡಿಯುವುದು ಹತ್ತು ನಿಮಿಷ, ಎಂಜಿನ್ ಎತ್ತಲು ಒಂದಿಡೀ ದಿನ. ಅಗ್ಗ ಯಾವುದೆಂದು ಕೂಲಿಯ ಲೆಕ್ಕವೇ ಹೇಳುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಈಗಿನ ಗೇರ್‌ಬಾಕ್ಸುಗಳಿಗೆ ಒಂದೇ ಗೇರಿಗೆ ಎರಡು ಮೂರು ಕೋನುಗಳ ಸಿಂಕ್ರೊ ಇದೆ, ಕರ್ರೆನ್ನುವುದೇ ಅಪರೂಪ. ಹೋದ ವಿದ್ಯೆಗೆ ಅಳುವುದೇಕೆ? ನಿಸಾನ್ 370ಝಡ್ ಬಂದ ಮೇಲಂತೂ ಗೇರ್ ಇಳಿಸುವಾಗ ಎಂಜಿನ್ನಿನ ಸುತ್ತನ್ನು ಕಂಪ್ಯೂಟರೇ ಏರಿಸಿಕೊಡತೊಡಗಿತು, ಡಬಲ್ ಕ್ಲಚ್ಚಿನ ಅರ್ಧ ಕೆಲಸ ಅಲ್ಲಿಗೆ ಹೋಯಿತು. ಫೆರಾರಿ 458 ಬಂದದ್ದೇ ಕ್ಲಚ್ ಪೆಡಲ್ ಇಲ್ಲದೆ. 2013ರ ಪೋರ್ಷೆ 911 ಜಿಟಿ3ಯೂ ಹಾಗೇ ಬಂದಿತ್ತು, ಕೊಳ್ಳುವವರು ಪಟ್ಟು ಹಿಡಿದದ್ದರಿಂದ 2017ರಲ್ಲಿ ಕೈ ಗೇರು ಮರಳಿತು. ಈ ಸುಧಾರಣೆಯನ್ನೆಲ್ಲ ನಾನು ಒಪ್ಪುತ್ತೇನೆ. ಕೈಗಿಂತ ಕಂಪ್ಯೂಟರ್ ವೇಗವಾಗಿ, ನಿಖರವಾಗಿ ಗೇರ್ ಬದಲಿಸುತ್ತದೆ ಎನ್ನುವುದರಲ್ಲಿ ತಕರಾರಿಲ್ಲ. ಆದರೆ ಎರಡು ಕ್ಲಚ್ಚಿನ ಆ ಆಟೊಮ್ಯಾಟಿಕ್ ಬಾಕ್ಸುಗಳನ್ನು ಬಿಚ್ಚಿದರೆ ಒಳಗೆ ಸಿಗುವುದು ಅದೇ ಸ್ಲೀವು, ಅದೇ ಸಣ್ಣ ಹಲ್ಲು, ಅದೇ ಸಿಂಕ್ರೊ ರಿಂಗು. ಲಿವರ್ ತಳ್ಳುವ ಕೈ ಇಲ್ಲದ್ದರಿಂದ ರಿಂಗ್ ಜಾರುವುದು ಯಾರ ಅಂಗೈಗೂ ತಿಳಿಯುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹತ್ತುತ್ತದೆ, ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿದರೆ ಒಂದು ಕೋಡ್ ಬರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ ಎಂದು ಆಗಲೂ ಯಾರಾದರೂ ಕೇಳಲೇಬೇಕು. ಕೇಳದಿದ್ದರೆ ಬಿಲ್ಲಿನಲ್ಲಿ ಇಡೀ ಬಾಕ್ಸಿನ ಬೆಲೆ ಬರುತ್ತದೆ.