ಬೀದರ್ ದಾರಿಗೆ ಜಿಪ್ಸಿ ಬೇಕೆ?

ನಿಮ್ಮಲ್ಲಿ ಹಲವರಂತೆ ಕಾಚಿಗುಡದಲ್ಲಿ ಬೆಳೆದ ನನ್ನ ಮಗನಿಗೂ ಹಳೆಯ ಮಾರುತಿ ಜಿಪ್ಸಿಯ ಹುಚ್ಚು. 1985ರಲ್ಲಿ ಬಂದ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಲ್ಲ ಗಾಡಿ. ಮಾರಾಟಕ್ಕೆ ಸಿಕ್ಕಿದ್ದಕ್ಕೆ ಕೆಎ 38, ಅಂದರೆ ನಮ್ಮ ಬೀದರಿನದೇ ನಂಬರು! ‘ಊರಿನ ಗಾಡಿಯಲ್ಲೇ ಊರಿಗೆ ಹೋಗೋಣ ಅಪ್ಪಾ’ ಅಂದ. ನಾನೂ ಕರಗಿದೆ.

ಅವ್ವನನ್ನೂ ಕೂರಿಸಿಕೊಂಡು ಸಂಗಾರೆಡ್ಡಿವರೆಗೆ ಓಡಿಸಿ ನೋಡಿದೆವು. ಹಿಂದೆ ಎದುರುಬದುರು ಬೆಂಚು, ಕೆಳಗೆ ಲಾರಿಗಿರುವಂಥ ಲೀಫ್ ಸ್ಪ್ರಿಂಗ್. ಹತ್ತಲು ಅವ್ವನಿಗೆ ಸ್ಟೂಲ್ ಬೇಕಾಯಿತು; ಪ್ರತಿ ಹಂಪಿಗೂ ‘ಅಯ್ಯೋ ಸೊಂಟ’. ಸದಾಶಿವಪೇಟೆ, ಜಹೀರಾಬಾದ್ ಮೇಲೆ ಬೀದರಿಗೆ ಸುಮಾರು 140 ಕಿ.ಮೀ., ಪೂರ್ತಿ ಡಾಂಬರು. ನಾಲ್ಕು ಚಕ್ರದ ಬಲ ಬೇಕಾಗುವುದು ಮಳೆಗಾಲದ ಎರೆಹೊಲದಲ್ಲಿ. ಹೊಲ ನಾವು ಎಂದೋ ಮಾರಿದ್ದೇವೆ.

ಇನ್ನು ಕಾಗದಪತ್ರ. ಬೀದರಿನ ಆರ್‌ಟಿಓದಿಂದ ಎನ್‌ಓಸಿ ತಂದು, ತೆಲಂಗಾಣದ ತೆರಿಗೆ ಕಟ್ಟಿ, ಇಲ್ಲಿನ ನಂಬರು ಹಾಕಿಸಬೇಕು. ‘ಹಾಗಾದರೆ ಕೆಎ 38 ಹೋಗಿಬಿಡುತ್ತಾ?’ ಮಗನ ಮುಖ ಸಪ್ಪಗಾಯಿತು.

ಕೊಳ್ಳಲಿಲ್ಲ. ದೀಪಾವಳಿಗೆ ಬಸ್ಸಿನಲ್ಲೇ ಹೋದೆವು. ಜಹೀರಾಬಾದ್ ದಾಟಿ ಬೀದರ್ ಹತ್ತಿರವಾಗಿ, ಕಿಟಕಿಯಾಚೆ ಕೆಂಪು ಮಣ್ಣು ಕಂಡೊಡನೆ, ನಿದ್ದೆಯಲ್ಲಿದ್ದ ಮೊಮ್ಮಗನನ್ನು ಅವ್ವ ತಟ್ಟಿ ಎಬ್ಬಿಸಿದಳು.